ಮಳೆ ಗ್ಯಾರಂಟಿ ಅಂತ ಗೊತ್ತಿದ್ರೂ ಹೈಕಿಂಗ್ ಕ್ಲಬ್ ಜೊತೆ ಬೆಟ್ಟಕ್ಕೆ ಹೋಗ್ಬಹುದಾ?

ಹೋಗ್ಬಹುದು, ಆದ್ರೆ ಮೊದ್ಲು ಲೀಡರ್ ಹತ್ರ ಒಂದು ಸಲ ಮಾತಾಡಿ. ನೀವು ಕ್ಲಬ್‌ಗೆ ಹೊಸಬರು, ಭಾನುವಾರ ಇಡೀ ದಿನ ಮಳೆ ಅಂತ ಫೋರ್‌ಕಾಸ್ಟ್ ಇದೆ, ಆದ್ರೂ ಟ್ರಿಪ್ ಕ್ಯಾನ್ಸಲ್ ಆಗಿಲ್ಲ, ಏನ್ ಮಾಡ್ಲಿ ಅಂತ ಕೇಳಿದೀರ. ನಾನು ತುಂಬಾ ವರ್ಷದಿಂದ ಇಂಥದೇ ಒಂದು ಕ್ಲಬ್‌ನಲ್ಲಿದೀನಿ, ಈಗೀಗ ಗುಂಪಿನ ಕೊನೇಲಿ ನಡೆಯೋ ಕೆಲಸ ನಂದು, ಯಾರೂ ಹಿಂದೆ ಉಳೀದಂಗೆ ನೋಡ್ಕೊಳ್ಳೋದು. ಕೊನೇಲಿ ನಡೆಯೋರಿಗೆ ಒಂದು ವಿಷಯ ಚೆನ್ನಾಗಿ ಕಾಣುತ್ತೆ: ಮಳೇಲಿ ನಡೀತಿರೋ ತನಕ ಬಹುತೇಕ ಎಲ್ರೂ ಆರಾಮಾಗೇ ಇರ್ತಾರೆ, ತೊಂದ್ರೆ ಶುರುವಾಗೋದು ನಿಂತ ಮೇಲೆ.

ಯಾಕಂದ್ರೆ ಹತ್ತುವಾಗ ಮೈ ತಾನೇ ಬಿಸಿಯಾಗಿರುತ್ತೆ, ಬಟ್ಟೆ ಒದ್ದೆ ಆಗಿದ್ರೂ ಗೊತ್ತಾಗಲ್ಲ. ನಿಂತ ತಕ್ಷಣ ಆ ಬಿಸಿ ಕಮ್ಮಿ ಆಗುತ್ತೆ, ಒದ್ದೆ ಬಟ್ಟೆ ಮಾತ್ರ ಮೈಯಿಂದ ಶಾಖ ಎಳ್ಕೊಳ್ತಾನೇ ಇರುತ್ತೆ, ನೀರು ಗಾಳಿಗಿಂತ ಸುಮಾರು 25 ಪಟ್ಟು ಜಾಸ್ತಿ ಶಾಖ ಸಾಗಿಸುತ್ತೆ. ಇದರ ಮೇಲೆ ಎತ್ತರಕ್ಕೆ ಹೋದಂಗೆ ಪ್ರತಿ 1000 ಮೀಟರ್‌ಗೆ ಸರಾಸರಿ 6.5 ಡಿಗ್ರಿ ಇಳಿಯುತ್ತೆ, ತುದೀಲಿ ಗಾಳಿ ಬೇರೆ. ಹೈಪೋಥರ್ಮಿಯಾ ಅಂದ್ರೆ ದೇಹದ ಒಳಗಿನ ಟೆಂಪರೇಚರ್ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯೋದು, ಅದಕ್ಕೆ ಹಿಮಾನೇ ಬೀಳ್ಬೇಕು ಅಂತೇನಿಲ್ಲ, ಮಳೆ ಗಾಳಿ ಎರಡೂ ಸೇರಿದ್ರೆ ಸಾಕು.

ಒಂದು ಸಲ ತುದೀಲಿ ಫೋಟೋ, ಹರಟೆ ಅಂತ ಗುಂಪು ಸುಮಾರು ಹೊತ್ತು ನಿಂತುಬಿಡ್ತು. ಬೆಳಗ್ಗೆಯಿಂದ ಎಲ್ರಿಗಿಂತ ಮುಂದೆ ನಡೀತಿದ್ದ, ಬಾಯ್ತುಂಬಾ ಮಾತಾಡ್ತಿದ್ದ ಒಬ್ರು ಇದ್ದಕ್ಕಿದ್ದಂಗೆ ಸುಮ್ಮನಾದ್ರು, ಜಾಕೆಟ್ ಜಿಪ್ ಹಾಕೋಕೆ ಹೋದ್ರೆ ಬೆರಳು ಮಾತು ಕೇಳ್ತಿಲ್ಲ, ಏನ್ ಕೇಳಿದ್ರೂ ‘ಏನಿಲ್ಲ ಏನಿಲ್ಲ’ ಅಂತ ತೊದಲ್ತಿದಾರೆ. ಲೀಡರ್ ಒಂದು ನಿಮಿಷಾನೂ ಯೋಚ್ನೆ ಮಾಡ್ಲಿಲ್ಲ, ಗಾಳಿ ತಪ್ಪೋ ಬಂಡೆ ಹಿಂದೆ ಕೂರಿಸಿ, ಒದ್ದೆ ಅಂಗಿ ತೆಗೆಸಿ, ಒಣಗಿದ ಬಟ್ಟೆ ಟೋಪಿ ಹಾಕಿಸಿ, ಸಿಹಿ ತಿನ್ನಿಸಿ, ಅವರು ಸುಧಾರಿಸ್ಕೊಂಡ ಮೇಲೆ ಮುಂದಿನ ಪ್ಲಾನ್ ಎಲ್ಲಾ ಬಿಟ್ಟು ಎಲ್ರನ್ನೂ ಹತ್ತಿರದ ದಾರೀಲಿ ಕೆಳಗಿಳಿಸಿದ್ರು. ನಡುಗ್ತಿದ್ರೆ ದೇಹ ಇನ್ನೂ ಹೋರಾಡ್ತಿದೆ ಅಂತ ಅರ್ಥ, ಮೈ ಬಿಸಿ ಆಗ್ದೇನೇ ನಡುಕ ನಿಂತುಹೋದ್ರೆ ಅದು ನಿಜವಾಗ್ಲೂ ಅಪಾಯ, ಆಗ ನಡೆಸೋಕೆ ಹೋಗ್ಬಾರ್ದು, ರೆಸ್ಕ್ಯೂ ಕರೀಬೇಕು.

ಬಟ್ಟೆ ವಿಷಯ ಇಷ್ಟೇ, ಕಾಟನ್ ಬೇಡ, ಜೀನ್ಸ್ ಅಂತೂ ಬೇಡ್ವೇ ಬೇಡ. ಉಲ್ಲನ್ ಅಥವಾ ಸಿಂಥೆಟಿಕ್ ಹಾಕಿ, ಮೇಲೆ ರೇನ್ ಜಾಕೆಟ್. ಎಷ್ಟು ಒಳ್ಳೆ ಜಾಕೆಟ್ ಆದ್ರೂ ದಿನವಿಡೀ ಮಳೇಲಿ ಬೆವರಿಗಾದ್ರೂ ಒಳಗೆ ಒದ್ದೆ ಆಗೇ ಆಗ್ತೀರ, ಅದಕ್ಕೆ ಬೇಜಾರು ಮಾಡ್ಕೋಬೇಡಿ. ಮುಖ್ಯವಾದದ್ದು ಬ್ಯಾಗಲ್ಲಿರೋ ಒಂದು ಜೊತೆ ಒಣ ಬಟ್ಟೆ, ಗಟ್ಟಿ ಪ್ಲಾಸ್ಟಿಕ್ ಕವರಲ್ಲಿ ಬಾಯಿ ಸುತ್ತಿ ಇಟ್ಕೊಳ್ಳಿ (ಬ್ಯಾಗಿನ ರೇನ್ ಕವರ್ ನಂಬ್ಕೋಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತೆ). ನಿಲ್ಲೋ ಪ್ರಸಂಗ ಬಂದ್ರೆ ಚಳಿ ಆಗೋಕೆ ಮುಂಚೆನೇ ಬೆಚ್ಚಗಿನದು ಹಾಕ್ಕೊಳ್ಳಿ. ತಿನ್ನೋದು ಜೇಬಲ್ಲಿರ್ಲಿ, ನಡ್ಕೊಂಡೇ ತಿನ್ಬಹುದು.

ನಿಂತ್ರೇ ತೊಂದ್ರೆ ಅನ್ನೋದಕ್ಕೇ ಮಳೆ ದಿನ ಗುಂಪು ನಡೆಯೋ ರೀತಿನೇ ಬೇರೆ ಇರ್ಬೇಕು. ನಿಧಾನ ನಡೆಯೋರನ್ನ ಮುಂದೆ ಹಾಕ್ಬೇಕು. ಇಲ್ಲಾಂದ್ರೆ ಜೋರಾಗಿ ಹೋದವರು ಮೇಲೆ ಕಾಯ್ತಾ ತಣ್ಣಗಾಗ್ತಾರೆ, ಹಿಂದಿನವರು ಬಂದು ಸೇರಿದ ತಕ್ಷಣ ಇವ್ರು ಹೊರಟುಬಿಡ್ತಾರೆ, ಪಾಪ ಯಾರಿಗೆ ರೆಸ್ಟ್ ಬೇಕೋ ಅವರಿಗೇ ಸಿಗಲ್ಲ. ನಿಧಾನದವರನ್ನ ಮುಂದೆ ಹಾಕೋದನ್ನ ಎಷ್ಟೋ ಕ್ಲಬ್‌ಗಳು ಇವತ್ತಿಗೂ ಮಾಡಲ್ಲ, ನಂಗೆ ಅದೇ ಬೇಸರ. ರೂಟ್ ಕೂಡ ಚಿಕ್ಕದಾಗ್ಬೇಕು. ಬೆಟ್ಟದ ನಡಿಗೆಗೆ ಎಷ್ಟು ಹೊತ್ತು ಬೇಕು ಅನ್ನೋದಕ್ಕೆ ನೈಸ್ಮಿತ್ ಅನ್ನೋ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಕೊಟ್ಟ ಒಂದು ಲೆಕ್ಕ ಇದೆ, 5 ಕಿಲೋಮೀಟರ್‌ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ, ಆದ್ರೆ ಅದರಲ್ಲಿ ಜಾರೋ ಬಂಡೆ, ಮಂಜಲ್ಲಿ ದಾರಿ ಹುಡ್ಕೋದು ಇದ್ಯಾವ್ದೂ ಸೇರಿಲ್ಲ.

ಹಳ್ಳ ದಾಟೋದಿದ್ರೆ ಅದನ್ನೂ ಯೋಚ್ನೆ ಮಾಡಿ. ಬೆಳಗ್ಗೆ ಪಾದ ಮುಳುಗೋಷ್ಟಿದ್ದ ನೀರು ವಾಪಸ್ ಬರೋ ಹೊತ್ತಿಗೆ ಮೊಣಕಾಲಿಗೆ ಬಂದಿರ್ಬಹುದು, ನೀರಿನ ವೇಗ ಎರಡು ಪಟ್ಟಾದ್ರೆ ತಳ್ಳೋ ಬಲ ನಾಲ್ಕು ಪಟ್ಟಾಗುತ್ತೆ. ನೀರು ಕೆಂಪಗೆ ಮಣ್ಣಾಗಿ ಭರ್ರಂತ ಹೋಗ್ತಿದ್ರೆ ದಾಟೋ ಮಾತೇ ಬೇಡ, ಸುತ್ತು ಬಳಸಿ ಹೋಗಿ. ಗುಡುಗು ಕೇಳಿಸ್ತಾ, ತುದಿ ಬಿಟ್ಟು ಇಳೀರಿ, ಕೊನೇ ಗುಡುಗು ಆಗಿ 30 ನಿಮಿಷ ಕಳೆಯೋ ತನಕ ಮತ್ತೆ ಹತ್ಬೇಡಿ.

ಇಷ್ಟೆಲ್ಲಾ ಹೇಳಿದ್ದು ಹೆದರಿಸೋಕಲ್ಲ. ನಂಗೆ ಬಿಸಿಲಿನ ದಿನಕ್ಕಿಂತ ಮಳೆ ದಿನಾನೇ ಇಷ್ಟ, ಬೇಸಿಗೇಲಿ ಕಾಣದ ಝರಿಗಳೆಲ್ಲ ಬಂಡೆ ಮೇಲಿಂದ ಇಳೀತಿರುತ್ತೆ, ಮಂಜು ಒಂದು ಕ್ಷಣ ಸರಿದ್ರೆ ಇಡೀ ಕಣಿವೆ ಕಾಣುತ್ತೆ, ಜನ ಫೋನ್ ಒಳಗಿಟ್ಟು ಒಬ್ರಿಗೊಬ್ರು ಕೈ ಕೊಡ್ತಾ ನಡೀತಾರೆ.

ಲೀಡರ್‌ಗೆ ಇವತ್ತೇ ಫೋನ್ ಮಾಡಿ ಕೇಳಿ: ಮಳೆಗೆ ಅಂತ ರೂಟ್ ಬದಲಾಗಿದ್ಯಾ, ಹಳ್ಳ ದಾಟೋದಿದ್ಯಾ, ಎಷ್ಟು ಗಂಟೆಗೆ ಎಲ್ಲಿದ್ರೂ ವಾಪಸ್ ತಿರುಗ್ತೀರ, ಕೊನೇಲಿ ಯಾರು ನಡೀತಾರೆ. ಸರಿಯಾಗಿ ಉತ್ತರ ಬಂದ್ರೆ ಧೈರ್ಯವಾಗಿ ಹೋಗಿ. ‘ಏನೂ ಆಗಲ್ಲ ಬನ್ನಿ’ ಅಂತಷ್ಟೇ ಅಂದ್ರೆ ಈ ಸಲ ಬಿಡಿ.