ಬಾಗಿಲಿಗೆ ತೂಗುಹಾಕಿದ ಫಲಕ, ಒಡೆಯದ ಲಕೋಟೆಗಳು

ಪ್ರಶ್ನೆ: ನನಗೆ 28 ವರ್ಷ, ಊರು ದಾವಣಗೆರೆ. ಬೆಂಗಳೂರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ಕಳೆದ ಆಗಸ್ಟ್‌ನಲ್ಲಿ ಬ್ಲೂ ಕಾರ್ಡ್ (ಪದವೀಧರ ವಿದೇಶಿ ಉದ್ಯೋಗಿಗಳಿಗೆ ಕೊಡುವ ನಿವಾಸ ಪರವಾನಗಿ) ಮೇಲೆ ಒಬ್ಬಳೇ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದೆ. ವಾಹನಗಳ ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದೇನೆ. ಆರು ತಿಂಗಳ ಪ್ರೊಬೇಷನ್ ಮುಗಿಯಲು ಇನ್ನೊಂದು ತಿಂಗಳಿದೆ. ನನ್ನ ಕೆಲಸ ಸರಿಯಿದೆಯೋ ಇಲ್ಲವೋ ಎಂದು ಮ್ಯಾನೇಜರ್ ಇದುವರೆಗೆ ಒಂದು ಮಾತನ್ನೂ ಹೇಳಿಲ್ಲ. ಸಹೋದ್ಯೋಗಿಗಳು ಸಂಜೆ ಬ್ಯಾಗು ಎತ್ತಿಕೊಂಡು ಹೊರಟರೆ ಮರುದಿನದವರೆಗೆ ಮಾತಿಲ್ಲ. ಕಳೆದ ವಾರ ಪಕ್ಕದ ಮನೆಯ ಅಜ್ಜಿ ನನ್ನ ಬಾಗಿಲಿನ ಹಿಡಿಗೆ ಒಂದು ಸಣ್ಣ ಫಲಕವನ್ನು ತೂಗುಹಾಕಿ ಹೋಗಿದ್ದರು. ಏನೋ ದೂರಿರಬೇಕೆಂದು ಹೆದರಿ ಒಳಗೆ ತೆಗೆದಿಟ್ಟಿದ್ದೇನೆ. ಬಂದ ಪತ್ರಗಳು ಅರ್ಥವಾಗದೆ ಅಡುಗೆಮನೆಯ ಡ್ರಾಯರ್‌ನಲ್ಲಿ ಹಾಗೆಯೇ ಇವೆ. ವೈದ್ಯರ ಬಳಿ, ಕಚೇರಿಗಳಲ್ಲಿ, ಎಲ್ಲೆಡೆ ನನ್ನನ್ನು ಅಪ್ಪನ ಹೆಸರಿನಿಂದ ಕರೆಯುತ್ತಾರೆ. ಅಮ್ಮನಿಗೆ ಏನನ್ನೂ ಹೇಳಿಲ್ಲ. ಹೇಳಿದರೆ ‘ವಾಪಸ್ ಬಾ, ಮದುವೆ ಮಾಡಿಬಿಡೋಣ’ ಎನ್ನುತ್ತಾರೆ. ನಾನು ಹಿಂತಿರುಗಿ ಬಿಡಬೇಕೆ?
– ಹೆಸರು ಬೇಡ, ಸ್ಟುಟ್‌ಗಾರ್ಟ್

ಉತ್ತರ: ಆ ಫಲಕವನ್ನು ಮೊದಲು ಹೊರಗೆ ತೆಗೆಯಿರಿ. ಅದರ ಮೇಲೆ ‘ಕೇರ್‌ವೊಖೆ’ ಎಂದು ಬರೆದಿರುವ ಸಾಧ್ಯತೆಯೇ ಹೆಚ್ಚು. ‘ಗುಡಿಸುವ ವಾರ’ ಎಂಬುದು ಆ ಮಾತಿನ ಅರ್ಥ. ನೀವಿರುವ ಶ್ವಾಬಿಯಾ ಸೀಮೆಯಲ್ಲಿ ಇದು ಬಹು ಹಳೆಯ ಪದ್ಧತಿ. ಒಂದೇ ಕಟ್ಟಡದಲ್ಲಿ ವಾಸಿಸುವವರು ಮೆಟ್ಟಿಲು, ಪಡಸಾಲೆ, ಕೆಲವೆಡೆ ಮನೆಯ ಮುಂದಿನ ಕಾಲುದಾರಿಯನ್ನೂ ವಾರಕ್ಕೊಬ್ಬರಂತೆ ಸರದಿಯ ಮೇಲೆ ಶುಚಿಗೊಳಿಸುತ್ತಾರೆ. ತನ್ನ ಸರದಿ ಮುಗಿಸಿದವರು ಆ ಫಲಕವನ್ನು ಮುಂದಿನ ಮನೆಯ ಬಾಗಿಲಿಗೆ ತೂಗುಹಾಕುತ್ತಾರೆ. ದಿನ ಬೆಳಗಾದರೆ ಬಾಗಿಲ ಮುಂದೆ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕುವ ಮನೆಯಿಂದ ಬಂದ ನಿಮಗೆ ಇದು ಹೊಸ ಕೆಲಸವೇನಲ್ಲ. ಅಜ್ಜಿ ದೂರು ಕೊಟ್ಟಿಲ್ಲ, ನಿಮ್ಮನ್ನು ಮನೆಯವರ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆ. ಆದರೆ ನೀವು ಅದನ್ನು ಒಳಗಿಟ್ಟುಕೊಂಡದ್ದರಿಂದ ಈ ವಾರ ಮೆಟ್ಟಿಲು ಗುಡಿಸಿಲ್ಲ. ಇನ್ನು ದೂರು ಬಂದರೂ ಬರಬಹುದು. ಇಂದೇ ಗುಡಿಸಿ, ಅಜ್ಜಿಯ ಮನೆಯ ಗಂಟೆ ಒತ್ತಿ, ಗೊತ್ತಾಗಲಿಲ್ಲವೆಂದು ಹೇಳಿಬಿಡಿ. ಒಡಕು ಜರ್ಮನ್ ಸಾಕು.

ಮ್ಯಾನೇಜರ್ ವಿಷಯದಲ್ಲೂ ಇದೇ ಬಗೆಯ ತಪ್ಪು ಓದು ನಡೆದಿರುವಂತೆ ನನಗೆ ಕಾಣುತ್ತದೆ. ‘ಬೈಯದಿದ್ದರೆ ಹೊಗಳಿದಂತೆಯೇ’ ಎಂಬರ್ಥದ ಗಾದೆಯೊಂದು ಶ್ವಾಬಿಯಾದ ಜನರ ಬಾಯಲ್ಲಿ ಸದಾ ಇರುತ್ತದೆ. ಬೆಂಗಳೂರಿನ ಕಂಪನಿಗಳಲ್ಲಿ ವಾರಕ್ಕೆರಡು ಬಾರಿ ‘ಗ್ರೇಟ್ ಜಾಬ್’ ಎಂಬ ಸಂದೇಶ ನೋಡಿ ಬಂದವರಿಗೆ ಇಲ್ಲಿನ ಮೌನ ಅಸಮಾಧಾನದಂತೆ ಕೇಳಿಸುತ್ತದೆ. ಹಾಗೆಂದು ಬರಿಯ ಊಹೆಯ ಮೇಲೆ ನೆಮ್ಮದಿಯಾಗಿರಿ ಎಂದು ನಾನು ಹೇಳುವುದಿಲ್ಲ, ಏಕೆಂದರೆ ಪ್ರೊಬೇಷನ್ ಅವಧಿಯಲ್ಲಿ ಎರಡು ವಾರಗಳ ನೋಟಿಸ್ ಕೊಟ್ಟು, ಕಾರಣ ಹೇಳದೆಯೇ ಒಪ್ಪಂದವನ್ನು ಮುಗಿಸುವ ಹಕ್ಕು ಎರಡೂ ಕಡೆಯವರಿಗಿದೆ. ಹತ್ತಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಆರು ತಿಂಗಳು ತುಂಬಿದ ಮೇಲೆ ವಜಾ ವಿರುದ್ಧದ ಕಾನೂನಿನ ರಕ್ಷಣೆ ದೊರೆಯುತ್ತದೆ. ಆದ್ದರಿಂದ ಉಳಿದಿರುವ ತಿಂಗಳನ್ನು ಕಾಯುತ್ತಾ ಕಳೆಯಬೇಡಿ. ಅರ್ಧ ಗಂಟೆಯ ಭೇಟಿ ಬೇಕೆಂದು ಮ್ಯಾನೇಜರ್‌ಗೆ ಬರೆದು ಕೇಳಿ. ಅಲ್ಲಿ ‘ನಾನು ಹೇಗೆ ಕೆಲಸ ಮಾಡುತ್ತಿದ್ದೇನೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಒಂದೇ ಮಾತು ಬರುತ್ತದೆ. ಅದರ ಬದಲು, ಮಾಡಿದ ಎರಡು ಕೆಲಸಗಳನ್ನು ಹೆಸರಿಸಿ, ಪ್ರತಿಯೊಂದರಲ್ಲೂ ಏನು ಬದಲಾಗಬೇಕಿತ್ತೆಂದು ಕೇಳಿ. ಜರ್ಮನ್ ಮೇಲಧಿಕಾರಿಗಳು ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತಾರೆ, ಕೆಲವೊಮ್ಮೆ ನಮಗೆ ಬೇಕಾದುದಕ್ಕಿಂತ ಹೆಚ್ಚು ನೇರವಾಗಿಯೇ. ಕೇಳದ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸ ಮಾತ್ರ ಅವರಿಗಿಲ್ಲ.

ಇನ್ನು ಡ್ರಾಯರ್‌ನಲ್ಲಿರುವ ಪತ್ರಗಳು. ನಿಮ್ಮ ಇಡೀ ಪತ್ರದಲ್ಲಿ ನನಗೆ ನಿಜವಾಗಿ ಕಳವಳ ಉಂಟುಮಾಡಿದ್ದು ಇದೊಂದೇ ಸಾಲು. ಜರ್ಮನಿಯ ಆಡಳಿತ ಇಂದಿಗೂ ಹೆಚ್ಚಾಗಿ ನಡೆಯುವುದು ಅಂಚೆಯ ಮೂಲಕವೇ. ಫೋನಿಗೆ ಸಂದೇಶ ಬಂದಿಲ್ಲ, ಆದ್ದರಿಂದ ಮುಖ್ಯ ವಿಷಯ ಇರಲಾರದು ಎಂಬ ನಮ್ಮ ಎಣಿಕೆ ಇಲ್ಲಿ ನಡೆಯುವುದಿಲ್ಲ. ಎಲ್ಲ ಲಕೋಟೆಗಳನ್ನೂ ಮೇಜಿನ ಮೇಲೆ ಹರವಿ, ಮೊದಲು ಹಳದಿ ಲಕೋಟೆ ಇದೆಯೇ ನೋಡಿ. ಅದು ಕಾನೂನುಬದ್ಧವಾಗಿ ಜಾರಿ ಮಾಡಿದ ಪತ್ರ. ಅಂಚೆಯವರು ತಲುಪಿಸಿದ ದಿನಾಂಕವನ್ನು ಆ ಲಕೋಟೆಯ ಮೇಲೆಯೇ ಬರೆದಿರುತ್ತಾರೆ. ನೀವು ಒಡೆಯಲಿ ಬಿಡಲಿ, ಪೆಟ್ಟಿಗೆಯೊಳಗೆ ಹಾಕಿದ ದಿನದಿಂದಲೇ ಗಡುವು ಓಡತೊಡಗುತ್ತದೆ. ಉದಾಹರಣೆಗೆ ದಂಡದ ಆದೇಶಕ್ಕೆ ಆಕ್ಷೇಪ ಸಲ್ಲಿಸಲು ಇರುವುದು ಎರಡೇ ವಾರ. ಅಂತಹ ಲಕೋಟೆಯನ್ನು ಎಂದಿಗೂ ಎಸೆಯಬಾರದು, ಒಳಗಿನ ಪತ್ರದಷ್ಟೇ ಅದೂ ದಾಖಲೆ. ಉಳಿದವುಗಳಲ್ಲಿ ಆರೋಗ್ಯ ವಿಮೆಯ ಪತ್ರ, ಪಿಂಚಣಿ ವಿಮೆಯ ಸಂಖ್ಯೆ, ಹನ್ನೊಂದು ಅಂಕಿಗಳ ತೆರಿಗೆ ಗುರುತಿನ ಸಂಖ್ಯೆ ಇರುತ್ತವೆ. ರೇಡಿಯೊ ಮತ್ತು ಟಿ.ವಿ. ಶುಲ್ಕದ ಪತ್ರವೂ ಖಂಡಿತ ಇರುತ್ತದೆ. ಟಿ.ವಿ. ಇಲ್ಲದಿದ್ದರೂ ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೊ ಕಟ್ಟಲೇಬೇಕು. ಮೋಸದ ಪತ್ರವೆಂದು ತಿಳಿದು ಹರಿದುಹಾಕಿ, ಆಮೇಲೆ ದಂಡ ಸೇರಿಸಿ ಕಟ್ಟಿದ ಹತ್ತಾರು ಮಂದಿ ನನ್ನ ಬಳಿಗೆ ಬಂದಿದ್ದಾರೆ.

ಒಂದು ಮಾತನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ನಾನು ಈ ದೇಶಕ್ಕೆ ಬಂದ ಮೊದಲ ಎರಡು ತಿಂಗಳು ನನಗೆ ಒಂದು ಪತ್ರವೂ ಬರಲಿಲ್ಲ, ಸದ್ಯ ತೊಂದರೆಯಿಲ್ಲ ಎಂದುಕೊಂಡಿದ್ದೆ. ಇಲ್ಲಿ ಫ್ಲ್ಯಾಟ್ ಸಂಖ್ಯೆ ನೋಡಿ ಪತ್ರ ಹಾಕುವುದಿಲ್ಲ, ಪೆಟ್ಟಿಗೆಯ ಮೇಲಿರುವ ಕುಲನಾಮ ನೋಡಿ ಹಾಕುತ್ತಾರೆ. ನನ್ನ ಪೆಟ್ಟಿಗೆಯ ಮೇಲೆ ಹಿಂದಿನ ಬಾಡಿಗೆದಾರನ ಹೆಸರೇ ಉಳಿದಿದ್ದುದರಿಂದ ನನ್ನ ಪತ್ರಗಳೆಲ್ಲ ಬಂದಲ್ಲಿಗೇ ಹಿಂತಿರುಗಿದ್ದವು. ನಿಮ್ಮ ಪಾಸ್‌ಪೋರ್ಟ್‌ನಲ್ಲಿ ಕುಲನಾಮದ ಜಾಗದಲ್ಲಿ ತಂದೆಯ ಹೆಸರಿರುವುದರಿಂದ, ಕರೆಗಂಟೆಯ ಮೇಲೂ ಪೆಟ್ಟಿಗೆಯ ಮೇಲೂ ಇರಬೇಕಾದದ್ದು ಅದೇ ಹೆಸರು. ಇನಿಷಿಯಲ್ ಹಾಕಿಕೊಂಡು ಬೆಳೆದ ನಮಗೆ, ಅಪ್ಪನ ಹೆಸರಿಗೆ ‘ಫ್ರೌ’ (ಶ್ರೀಮತಿ) ಸೇರಿಸಿ ಯಾರೋ ಕೂಗಿದಾಗ ಹಿಂತಿರುಗಿ ನೋಡಲು ಒಂದು ಕ್ಷಣ ಹಿಡಿಯುತ್ತದೆ. ಅಪ್ಪನೇ ಹಿಂದೆ ನಿಂತಂತಾಗುತ್ತದೆ ಎಂದು ಹಿಂದೊಮ್ಮೆ ಒಬ್ಬರು ನನಗೆ ಬರೆದಿದ್ದರು. ಸಹೋದ್ಯೋಗಿಗಳಿಗೆ ಮಾತ್ರ ನಿಮ್ಮ ಸ್ವಂತ ಹೆಸರನ್ನು ಹೇಳಿಕೊಡಿ, ಸರಿಯಾಗಿ ಉಚ್ಚರಿಸುವವರೆಗೂ ಬಿಡಬೇಡಿ. ಅದನ್ನು ಅವರು ಒರಟುತನವೆಂದು ಭಾವಿಸುವುದಿಲ್ಲ.

ಸಂಜೆಗಳ ವಿಷಯಕ್ಕೆ ಬರುತ್ತೇನೆ. ದಾವಣಗೆರೆಯಲ್ಲಿ ನಿಮಗೆ ಗೆಳೆಯರನ್ನು ಹುಡುಕಿಕೊಳ್ಳಬೇಕಾಗಿರಲಿಲ್ಲ. ಓಣಿ, ಕಾಲೇಜು, ನೆಂಟರ ಮದುವೆ, ಬೆಂಗಳೂರಿನ ಪಿ.ಜಿ. ಇವೆಲ್ಲ ನೀವು ಕೇಳದೆಯೇ ಜನರನ್ನು ತಂದುಕೊಟ್ಟವು. ‘ಊಟ ಆಯ್ತಾ?’ ಎಂದು ಕೇಳುವವರು ದಿನಕ್ಕೆ ನಾಲ್ಕು ಮಂದಿ ಇದ್ದರು. ಇಲ್ಲಿ ಅದು ತಾನಾಗಿ ಒದಗುವುದಿಲ್ಲ, ಕಟ್ಟಿಕೊಳ್ಳಬೇಕಾಗುತ್ತದೆ. ಇದು ನಿಮ್ಮ ಸ್ವಭಾವದ ಕೊರತೆಯಲ್ಲ. ಜರ್ಮನ್ನರು ಕಚೇರಿಯ ಬಳಗವನ್ನೂ ಮನೆಯ ಬಳಗವನ್ನೂ ಬೇರೆಬೇರೆಯಾಗಿಯೇ ಇಡುತ್ತಾರೆ. ಅವರು ಹೊಸ ಪರಿಚಯಗಳನ್ನು ಮಾಡಿಕೊಳ್ಳುವ ಜಾಗ ‘ಫೆರೈನ್’ ಎಂಬ ಸಂಘ. ಗಾಯನಕ್ಕೆ, ಚಾರಣಕ್ಕೆ, ಬ್ಯಾಡ್ಮಿಂಟನ್‌ಗೆ, ತೋಟಗಾರಿಕೆಗೆ, ಹೀಗೆ ಪ್ರತಿಯೊಂದಕ್ಕೂ ನೋಂದಾಯಿತ ಸಂಘ ಇರುತ್ತದೆ. ಒಂದನ್ನೇ ಆರಿಸಿ, ವಾರಕ್ಕೊಮ್ಮೆ ಅದೇ ದಿನ, ಅದೇ ಹೊತ್ತಿಗೆ ಹೋಗಿ. ಮೊದಲ ಐದಾರು ವಾರ ಯಾರೂ ವಿಶೇಷವಾಗಿ ಮಾತನಾಡಿಸುವುದಿಲ್ಲ; ಅಷ್ಟಕ್ಕೇ ಬಿಟ್ಟುಬಿಡುವವರೇ ಹೆಚ್ಚು. ಒಂದು ವಾರ ತಪ್ಪಿಸಿಕೊಂಡು ಮರುವಾರ ಹೋದಾಗ ‘ಹೋದ ವಾರ ಬರಲಿಲ್ಲವಲ್ಲ’ ಎಂದು ಯಾರಾದರೂ ಕೇಳಿದರೆ, ಕೆಲಸ ಆಯಿತೆಂದು ತಿಳಿಯಿರಿ.

ಕನ್ನಡಿಗರ ಸಹವಾಸವೂ ಬೇಕು. ಜರ್ಮನಿಯ ದೊಡ್ಡ ನಗರಗಳಲ್ಲಿ ಯುಗಾದಿ, ರಾಜ್ಯೋತ್ಸವ ನಡೆಸುವ ಕನ್ನಡ ಬಳಗಗಳಿವೆ. ಒಬ್ಬರ ಪರಿಚಯವಾದರೆ ಉಳಿದವರು ತಾವಾಗಿ ಸಿಗುತ್ತಾರೆ. ಆದರೆ ವಾರದ ಏಳು ಸಂಜೆಗಳನ್ನೂ ನಮ್ಮವರೊಂದಿಗೇ ಕಳೆದು, ಹತ್ತು ವರ್ಷದ ಮೇಲೂ ಪಕ್ಕದ ಮನೆಯವರ ಹೆಸರು ತಿಳಿಯದವರನ್ನು ನಾನು ನೋಡಿದ್ದೇನೆ. ಅವರಿಗೆ ಹಬ್ಬದ ದಿನ ಒಂಟಿತನವಿರುವುದಿಲ್ಲ, ಕಾಯಿಲೆ ಬಿದ್ದ ಸೋಮವಾರ ಇರುತ್ತದೆ.

ಭಾಷೆಗೆ ನಗರಪಾಲಿಕೆಯ ನೆರವಿನಿಂದ ನಡೆಯುವ ‘ಫೋಕ್ಸ್‌ಹೋಖ್‌ಶೂಲೆ’ಯ ಸಂಜೆ ತರಗತಿಗಳು ಖಾಸಗಿ ಶಾಲೆಗಳಿಗಿಂತ ಸಾಮಾನ್ಯವಾಗಿ ಅಗ್ಗ. ಮೊಬೈಲ್ ಆ್ಯಪ್‌ನಲ್ಲಿ ಕಲಿಯುವುದಕ್ಕಿಂತ ಅಲ್ಲಿ ಕಲಿಯಿರಿ, ಏಕೆಂದರೆ ನಿಮ್ಮಂತೆಯೇ ತಡವರಿಸುವ ಹದಿನೈದು ಮಂದಿ ಅಲ್ಲಿ ಸಿಗುತ್ತಾರೆ. ಕನ್ನಡ ಬಲ್ಲವರಿಗೆ ಒಂದು ಅನುಕೂಲವೂ ಇದೆ. ಇಂಗ್ಲಿಷ್‌ನಲ್ಲಿ ಇಲ್ಲದ ‘ನೀನು’, ‘ನೀವು’ ಎಂಬ ಭೇದ ಜರ್ಮನ್‌ನಲ್ಲಿ ‘ಡು’, ‘ಝೀ’ ಎಂದಿದೆ. ಹಿರಿಯರು ತಾವಾಗಿ ‘ಡು’ ಎನ್ನುವವರೆಗೆ ಕಾಯಬೇಕೆಂಬುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ನಿಮ್ಮ ಸುತ್ತಮುತ್ತಲಿನ ಊರುಗಳಿಂದ ಎದುರು ದಿಕ್ಕಿಗೆ, ಅಂದರೆ ಕನ್ನಡನಾಡಿಗೆ, ಹೋದವರೂ ಇದ್ದರು. 1843ರಲ್ಲಿ ಮಂಗಳೂರು ಸಮಾಚಾರ ಪತ್ರಿಕೆ ಆರಂಭಿಸಿದ ಹರ್ಮನ್ ಮೊಗ್ಲಿಂಗ್ ನಿಮ್ಮ ಸೀಮೆಯವರೇ. ಕೊನೆಗೆ ತೀರಿಕೊಂಡದ್ದು ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗನ್‌ನಲ್ಲಿ. ಕನ್ನಡ ನಿಘಂಟನ್ನು 1894ರಲ್ಲಿ ಹೊರತಂದ ಫರ್ಡಿನಾಂಡ್ ಕಿಟೆಲ್ ಕಡೆಯ ವರ್ಷಗಳನ್ನು ಕಳೆದದ್ದು ಟ್ಯೂಬಿಂಗನ್‌ನಲ್ಲಿ. ಅವರಿಗೂ ಭಾಷೆ ಸಿಕ್ಕಿದ್ದು ಕೋಣೆಯಲ್ಲಲ್ಲ, ಜನರ ಬಾಯಲ್ಲಿ. ಅಂಗಡಿಗಳೆಲ್ಲ ಮುಚ್ಚಿರುವ ಭಾನುವಾರ ಮನೆಯಲ್ಲಿ ಕುಳಿತು ಕೊರಗುವ ಬದಲು ರೈಲು ಹತ್ತಿ ಆ ಎರಡು ಊರುಗಳನ್ನು ನೋಡಿ ಬನ್ನಿ. ಎಸ್ಲಿಂಗನ್ ಹತ್ತಿರವೇ, ಟ್ಯೂಬಿಂಗನ್‌ಗೂ ಸುಮಾರು ಒಂದು ಗಂಟೆಯ ಪ್ರಯಾಣ ಅಷ್ಟೇ.

ನಿದ್ರೆ ಬಾರದಿರುವುದು, ಊಟ ಸೇರದಿರುವುದು, ಕೆಲಸಕ್ಕೆ ಹೊರಡಲು ಕಾಲೇಳದಿರುವುದು ಎರಡು ವಾರಕ್ಕಿಂತ ಹೆಚ್ಚು ಕಾಲ ಉಳಿದಿದ್ದರೆ ಅದನ್ನು ಮನೆಯ ನೆನಪು ಎಂದು ತಳ್ಳಿಹಾಕಬೇಡಿ. ಡಿಸೆಂಬರ್‌ನಲ್ಲಿ ನಿಮ್ಮಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ವರ್ಷವಿಡೀ ಬಿಸಿಲು ಕಂಡ ದೇಹ ಇದಕ್ಕೆ ಒಗ್ಗಿಕೊಳ್ಳಲು ಹೆಣಗುತ್ತದೆ. ಕಾಯಿಲೆ ಬೀಳುವ ಮೊದಲೇ ಮನೆಯ ಹತ್ತಿರ ಒಬ್ಬ ಕುಟುಂಬ ವೈದ್ಯರಲ್ಲಿ ಹೆಸರು ನೋಂದಾಯಿಸಿ, ಮನಸ್ಸಿನ ವಿಷಯವನ್ನೂ ಅವರಲ್ಲೇ ಮೊದಲು ಹೇಳಿ. ಸಾರ್ವಜನಿಕ ಆರೋಗ್ಯ ವಿಮೆ ಮನೋಚಿಕಿತ್ಸೆಯ ವೆಚ್ಚವನ್ನೂ ಭರಿಸುತ್ತದೆ, ಕಾಯಬೇಕಾದ ಅವಧಿ ಮಾತ್ರ ದೀರ್ಘ. 116117 ಸಂಖ್ಯೆಯ ಸೇವೆ ಮೊದಲ ಭೇಟಿಯ ಸಮಯವನ್ನು ಕೊಡಿಸುತ್ತದೆ. ಪ್ರಾಣಾಪಾಯದ ಸ್ಥಿತಿಗೆ 112. ರಜೆ ಹಾಕಿದರೆ ಕೆಲಸ ಹೋಗುತ್ತದೆಂಬ ಭಯದಿಂದ ಜ್ವರದಲ್ಲೂ ಕಚೇರಿಗೆ ಹೋಗಬೇಡಿ. ಕೆಲಸಕ್ಕೆ ಸೇರಿ ನಾಲ್ಕು ವಾರ ಕಳೆದವರಿಗೆ ಒಂದು ಕಾಯಿಲೆಗೆ ಆರು ವಾರದವರೆಗೆ ಪೂರ್ಣ ಸಂಬಳ ಕೊಡಬೇಕೆಂದು ಕಾನೂನಿದೆ.

ಹಿಂತಿರುಗಬೇಕೆ ಎಂಬ ಪ್ರಶ್ನೆಗೆ ಜನವರಿಯಲ್ಲಿ ಉತ್ತರ ಹುಡುಕಬೇಡಿ. ಮೊದಲ ಚಳಿಗಾಲದಲ್ಲಿ ‘ಇರುತ್ತೇನೆ’ ಎಂದು ಉತ್ಸಾಹದಿಂದ ಹೇಳಿದವರನ್ನು ನಾನು ಕಂಡದ್ದು ಬಹಳ ಕಡಿಮೆ. ಒಂದು ಬೇಸಿಗೆ ನೋಡಿ, ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿ. ಬ್ಲೂ ಕಾರ್ಡ್ ಇರುವವರಿಗೆ 27 ತಿಂಗಳ ನಂತರ, ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್ ಇದ್ದರೆ 21 ತಿಂಗಳ ನಂತರ ಕಾಯಂ ನಿವಾಸದ ಅವಕಾಶವಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಾಗೆಯೇ, ಹಿಂತಿರುಗುವುದು ಸೋಲೆಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಲೆಕ್ಕ ಹಾಕಿ ಹೊರಡುವುದಕ್ಕೂ ಓಡಿಹೋಗುವುದಕ್ಕೂ ವ್ಯತ್ಯಾಸವಿದೆ. ಒಂದು ವೇಳೆ ಕೆಲಸವೇ ಹೋದರೆ ಮರುದಿನವೇ ದೇಶ ಬಿಡಬೇಕಾಗಿಲ್ಲ, ಆದರೆ ಎರಡು ವಾರದೊಳಗೆ ವಿದೇಶಿಯರ ಕಚೇರಿಗೆ ತಿಳಿಸಲೇಬೇಕು. ಹನ್ನೆರಡು ತಿಂಗಳು ವಿಮೆ ಕಟ್ಟದವರಿಗೆ ನಿರುದ್ಯೋಗ ಭತ್ಯೆ ಸಿಗುವುದಿಲ್ಲವಾದ್ದರಿಂದ ಮೂರು ತಿಂಗಳ ಖರ್ಚಿನಷ್ಟು ಹಣ ಕೈಯಲ್ಲಿರಲಿ. ಊರಿನ ಉಳಿತಾಯ ಖಾತೆಯನ್ನು ಅನಿವಾಸಿ ಭಾರತೀಯರಿಗೆಂದು ಇರುವ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಲು ಬ್ಯಾಂಕಿಗೆ ಇನ್ನೂ ಬರೆದಿಲ್ಲವಾದರೆ ಅದನ್ನೂ ಈ ತಿಂಗಳೇ ಮುಗಿಸಿ.

ಅಮ್ಮನ ವಿಷಯ ಉಳಿಯಿತು. ಕೆಲಸ ಮುಗಿಸಿ ಸಂಜೆ ಆರಕ್ಕೆ ನೀವು ಫೋನ್ ಮಾಡಿದರೆ ದಾವಣಗೆರೆಯಲ್ಲಿ ರಾತ್ರಿ ಹತ್ತೂವರೆ. ಅಮ್ಮನಿಗೆ ನಿದ್ದೆಗಣ್ಣು, ನಿಮಗೆ ದಿನದ ಆಯಾಸ. ಆ ಹೊತ್ತಿನಲ್ಲಿ ‘ಚೆನ್ನಾಗಿದ್ದೀನಮ್ಮ’ ಎನ್ನುವುದಕ್ಕಿಂತ ಹೆಚ್ಚೇನೂ ಬಾಯಿಗೆ ಬರುವುದಿಲ್ಲ. ಬೆಳಿಗ್ಗೆ ಏಳಕ್ಕೆ ಚಹಾ ಕಾಯಿಸುತ್ತಾ ಫೋನ್ ಮಾಡಿ ನೋಡಿ, ಅಲ್ಲಿ ಹನ್ನೊಂದೂವರೆ ಆಗಿರುತ್ತದೆ, ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿರುತ್ತಾರೆ. ಎಲ್ಲವನ್ನೂ ಒಂದೇ ದಿನ ಹೇಳಬೇಕಿಲ್ಲ. ಮೆಟ್ಟಿಲು ಗುಡಿಸುವ ಸರದಿ ನನ್ನದಾಗಿತ್ತು, ಗೊತ್ತಾಗದೆ ಫಲಕವನ್ನು ಬಚ್ಚಿಟ್ಟಿದ್ದೆ ಎಂಬಲ್ಲಿಂದ ಶುರು ಮಾಡಿ.