ಷಿಕಾಗೊದಲ್ಲಿ ಹಿಮ ಬಿದ್ದರೆ ಮನೆಮುಂದಿನ ಫುಟ್‌ಪಾತ್ ತೆರವು ಮಾಡುವ ಹೊಣೆ ಯಾರದು? ಕೆಲಸಕ್ಕೆ ಹೋಗುವುದು ಹೇಗೆ?

ರಸ್ತೆ ನಗರಾಡಳಿತದ ಹೊಣೆ, ಫುಟ್‌ಪಾತ್ ಪಕ್ಕದ ಜಾಗದ ಮಾಲೀಕರದು. ಬಾಡಿಗೆಗಿದ್ದರೆ ಕರಾರು ಪತ್ರ ಓದಿಕೊಳ್ಳಿ, ಆ ಕೆಲಸ ನಿಮಗೇ ವಹಿಸಿರಬಹುದು. ಬೆಳಗ್ಗೆ 7ರಿಂದ ಸಂಜೆ 7ರವರೆಗೆ ಬಿದ್ದ ಹಿಮವನ್ನು ರಾತ್ರಿ 10ರೊಳಗೆ, ರಾತ್ರಿ ಬಿದ್ದದ್ದನ್ನು ಬೆಳಗ್ಗೆ 10ರೊಳಗೆ ತೆಗೆಯಬೇಕು. ದಾರಿ 5 ಅಡಿ ಅಗಲವಿರಲಿ. ಗಾಲಿಕುರ್ಚಿಯಲ್ಲಿ ಬರುವವರು ವಾಹನಗಳ ನಡುವೆ ಇಳಿಯುವಂತಾಗಬಾರದು. ದಯವಿಟ್ಟು ಇದನ್ನು ಹಗುರವಾಗಿ ಕಾಣಬೇಡಿ. ತೆಗೆದ ಹಿಮವನ್ನು ರಸ್ತೆಗೆ ತಳ್ಳುವಂತಿಲ್ಲ.

ಹಿಮ ತಳ್ಳುವ ಲಾರಿಗಳು ಮೊದಲು ಮುಖ್ಯರಸ್ತೆಗಳಿಗೆ ಹೋಗುತ್ತವೆ, ಒಳಬೀದಿಗಳ ಸರದಿ ಆಮೇಲೆ. ಹಾಗಾಗಿ ಬಿರುಗಾಳಿಯ ಮರುದಿನ ಕಾರಿಗಿಂತ ನಗರದ ಮೆಟ್ರೊ ಆದ ‘ಎಲ್’ ರೈಲನ್ನೇ ನಂಬುವುದು ವಾಸಿ. ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ ಕೆಲವು ಮುಖ್ಯರಸ್ತೆಗಳಲ್ಲಿ ಬೆಳಗಿನ ಜಾವ 3ರಿಂದ 7ರವರೆಗೆ ಪಾರ್ಕಿಂಗ್ ನಿಷೇಧ. ಹಿಮ ಬೀಳದಿದ್ದರೂ ಕಾರು ಎಳೆದೊಯ್ಯುತ್ತಾರೆ.