ಇನ್ನೊಂದು ಔಷಧ ಸೇರಿಸಿದ್ದರೆ ಹೆರಿಗೆ ನಿಲ್ಲುತ್ತಿತ್ತಾ?

ಪ್ರಶ್ನೆ: ಡಾಕ್ಟ್ರೇ, ನನ್ನ ತಂಗಿಗೆ 30ನೇ ವಾರದಲ್ಲೇ ಹೊಟ್ಟೆ ಗಟ್ಟಿಯಾಗಿ ನೋವು ಶುರುವಾಯಿತು. ಆಸ್ಪತ್ರೆಯಲ್ಲಿ ನಿಫೆಡಿಪೈನ್ ಮಾತ್ರೆ ಕೊಟ್ಟರು. ಜೊತೆಗೆ ಒಂದು ದಿನದ ಅಂತರದಲ್ಲಿ ಎರಡು ಇಂಜೆಕ್ಷನ್, ಕೈಗೆ ಮೆಗ್ನೀಷಿಯಂ ಡ್ರಿಪ್. ಮೂರು ಔಷಧ ಕೊಟ್ಟರೂ ನೋವು ಪೂರ್ತಿ ನಿಲ್ಲಲಿಲ್ಲ. ಇನ್ನೊಂದು ಏನಾದರೂ ಕೊಡಿ ಅಂತ ಗೋಗರೆದರೂ ಅವರು ಒಪ್ಪಲಿಲ್ಲ. ಮೂರನೇ ದಿನ ಮಗು ಹುಟ್ಟಿತು, ಈಗ ಚೆನ್ನಾಗಿದೆ. ಆದರೂ ನಾಲ್ಕನೇ ಔಷಧ ಕೊಟ್ಟಿದ್ದರೆ ದಿನ ತುಂಬುತ್ತಿತ್ತೇನೋ ಅನ್ನೋ ಕೊರಗು ಹೋಗ್ತಾ ಇಲ್ಲ.

ಉತ್ತರ: ಆ ಮೂರರಲ್ಲಿ ನೋವು ತಡೆಯೋಕೆ ಅಂತ ಕೊಟ್ಟಿದ್ದು ಒಂದೇ, ನಿಫೆಡಿಪೈನ್. ಇದನ್ನು ಆ ಗಡಿಬಿಡಿಯಲ್ಲಿ ಯಾರೂ ನಿಮಗೆ ಬಿಡಿಸಿ ಹೇಳಿರಲಿಕ್ಕಿಲ್ಲ, ಅದು ನಮ್ಮವರ ತಪ್ಪೇ.

ಆ ಎರಡು ಇಂಜೆಕ್ಷನ್ ಹೆಚ್ಚುಕಡಿಮೆ ಖಂಡಿತ ಬೀಟಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಇರಬೇಕು. 12 ಮಿಲಿಗ್ರಾಂ, 24 ಗಂಟೆ ಬಿಟ್ಟು ಮತ್ತೆ 12. ಅದು ತಾಯಿಗಲ್ಲ, ಮಗುವಿನ ಶ್ವಾಸಕೋಶಕ್ಕೆ. 1972ರಲ್ಲಿ ನ್ಯೂಜಿಲೆಂಡಿನ ವೈದ್ಯರಾದ ಲಿಗಿನ್ಸ್ ಮತ್ತು ಹೋವಿ ಇದನ್ನು ತೋರಿಸಿಕೊಟ್ಟ ಮೇಲೆ ಎಷ್ಟೋ ಎಳೆ ಮಕ್ಕಳು ಉಸಿರಾಟದ ತೊಂದರೆಯಿಂದ ಪಾರಾಗಿವೆ. ಡ್ರಿಪ್ಪಿನಲ್ಲಿದ್ದ ಮೆಗ್ನೀಷಿಯಂ ಸಲ್ಫೇಟ್ ಮಗುವಿನ ಮಿದುಳಿಗೆ. 32 ವಾರಕ್ಕೆ ಮೊದಲು ಹುಟ್ಟೋ ಮಕ್ಕಳಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿಗೆ ಪೆಟ್ಟಾಗಿ ಕೈಕಾಲಿನ ಚಲನೆಗೆ ತೊಂದರೆಯಾಗೋದು) ಬರುವ ಸಾಧ್ಯತೆಯನ್ನು ಅದು ಕಡಿಮೆ ಮಾಡುತ್ತದೆ. ಹಿಂದೆ ಅದನ್ನು ನೋವು ನಿಲ್ಲಿಸೋಕೂ ಕೊಡುತ್ತಿದ್ದರು, ಆ ಕೆಲಸಕ್ಕೆ ಅದು ಅಷ್ಟಾಗಿ ಬರಲ್ಲ ಅಂತ ಆಮೇಲೆ ಗೊತ್ತಾಯಿತು. (ಆ ಕಾಲದ ಕಥೆ ಕೇಳಿದರೆ ನಗು ಬರುತ್ತದೆ. 1960-70ರ ದಶಕಗಳಲ್ಲಿ ಇದೇ ಕೆಲಸಕ್ಕೆ ಗರ್ಭಿಣಿಯರ ರಕ್ತನಾಳಕ್ಕೆ ಆಲ್ಕೋಹಾಲ್ ಡ್ರಿಪ್ ಹಾಕುತ್ತಿದ್ದರು!)

ನಿಫೆಡಿಪೈನ್‌ನಿಂದ ನಾವು ಬಯಸೋದು ಎರಡು ದಿನ, ಅಷ್ಟೇ. ಸ್ಟೀರಾಯ್ಡ್ ಕೆಲಸ ಮಾಡೋಕೆ, ಬೇಕಾದರೆ ಎಳೆ ಮಕ್ಕಳ ಐಸಿಯು ಇರುವ ಆಸ್ಪತ್ರೆಗೆ ತಾಯಿಯನ್ನು ಸಾಗಿಸೋಕೆ. ದಿನ ತುಂಬೋವರೆಗೆ ಹಿಡಿದಿಡೋ ಔಷಧ ಇನ್ನೂ ಯಾರ ಹತ್ತಿರವೂ ಇಲ್ಲ. ನಿಮ್ಮ ತಂಗಿಯ ಮಗು ಮೂರನೇ ದಿನ ಹುಟ್ಟಿತು ಅಂದಿರಲ್ಲ, ಅಂದರೆ ಆ ಎರಡು ದಿನ ಸಿಕ್ಕಿತು. ಔಷಧ ಸೋತಿಲ್ಲ ಕಣ್ರೀ.

ಪ್ರಶ್ನೆ: ಗರ್ಭಕೋಶದ ಸೆಳೆತ ನಿಲ್ಲಿಸುವ ಔಷಧಗಳು ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುತ್ತವೆ ಅಂತ ಓದಿದೆ. ಹಾಗಿದ್ದರೆ ಎರಡನ್ನು ಸೇರಿಸಿ ಕೊಟ್ಟರೆ ಪರಿಣಾಮ ಜಾಸ್ತಿ ಆಗಬೇಕಲ್ವಾ? ಬಿ.ಪಿ.ಗೆ, ಟಿ.ಬಿ.ಗೆ ಹಾಗೇ ಕೊಡ್ತಾರಲ್ಲ?

ಉತ್ತರ: ಒಳ್ಳೆ ಪ್ರಶ್ನೆ. ಕಾಗದದ ಮೇಲೆ ನಿಮ್ಮ ಲೆಕ್ಕ ಸರಿ. ಗರ್ಭಕೋಶದ ಸ್ನಾಯು ಬಿಗಿಯಬೇಕಾದರೆ ಜೀವಕೋಶದೊಳಗೆ ಕ್ಯಾಲ್ಸಿಯಂ ಏರಬೇಕು. ನಿಫೆಡಿಪೈನ್ ಆ ಕ್ಯಾಲ್ಸಿಯಂ ಒಳಬರುವ ಬಾಗಿಲು ಮುಚ್ಚುತ್ತದೆ. ಅಟೊಸಿಬಾನ್, ಗರ್ಭಕೋಶವನ್ನು ಬಿಗಿಸುವ ಆಕ್ಸಿಟೋಸಿನ್ ಹಾರ್ಮೋನಿನ ಜಾಗದಲ್ಲಿ ತಾನು ಕೂತು ಅದಕ್ಕೆ ಅಡ್ಡ ಹಾಕುತ್ತದೆ. ಇಂಡೊಮೆಥಾಸಿನ್, ಹೆರಿಗೆ ನೋವು ಬರಿಸುವ ಪ್ರೊಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕ ತಯಾರಾಗೋದನ್ನೇ ತಗ್ಗಿಸುತ್ತದೆ. ಟರ್ಬುಟಲೈನ್‌ನಂಥವು ಸ್ನಾಯುವಿಗೆ ಸಡಿಲಾಗು ಅಂತ ಸಂದೇಶ ಕಳಿಸುತ್ತವೆ, ಅಸ್ತಮಾ ಇದ್ದವರಿಗೂ ಅದೇ ಔಷಧ. ನಾಲ್ಕು ದಾರಿ ಇದ್ದ ಮೇಲೆ ಎರಡನ್ನು ಒಟ್ಟಿಗೆ ಮುಚ್ಚೋಣ ಅಂತ ಯಾರಿಗಾದರೂ ಅನಿಸುತ್ತದೆ.

ತೊಂದರೆ ಏನಂದ್ರೆ, ಈ ಔಷಧಗಳಿಗೆ ಗರ್ಭಕೋಶ ಯಾವುದು, ಹೃದಯ ಯಾವುದು ಅಂತ ಗೊತ್ತಾಗಲ್ಲ (ಅಟೊಸಿಬಾನ್ ಮಟ್ಟಿಗೆ ಸ್ವಲ್ಪ ವಾಸಿ). ನಿಫೆಡಿಪೈನ್ ಮೂಲತಃ ಹೃದಯದ, ಬಿ.ಪಿ.ಯ ಔಷಧ, ಬಿ.ಪಿ. ಇಳಿಸುತ್ತದೆ. ಟರ್ಬುಟಲೈನ್ ಎದೆ ಬಡಿತ ಏರಿಸುತ್ತದೆ, ಸಕ್ಕರೆ ಏರಿಸುತ್ತದೆ. ಇವೆರಡನ್ನು ಒಟ್ಟಿಗೆ ಕೊಟ್ಟರೆ ತಾಯಿಯ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಅಪಾಯ ಇದೆ, ಹೊಟ್ಟೆಯಲ್ಲಿ ಅವಳಿ ಇದ್ದರಂತೂ ಇನ್ನೂ ಹೆಚ್ಚು. ಇಂಡೊಮೆಥಾಸಿನ್ ತಾಯಿಗೆ ಹಗುರ, ಮಗುವಿಗೆ ಹಾಗಲ್ಲ: 32 ವಾರ ದಾಟಿದ ಮೇಲೆ ಮಗುವಿನ ಹೃದಯದ ಪಕ್ಕದಲ್ಲಿ ಹುಟ್ಟೋವರೆಗೂ ತೆರೆದಿರಬೇಕಾದ ಒಂದು ರಕ್ತನಾಳ ಬೇಗ ಮುಚ್ಚಬಹುದು, ಗರ್ಭದ ನೀರೂ ಕಡಿಮೆಯಾಗಬಹುದು. ಹೀಗೆ ಲಾಭ ಕೂಡುತ್ತೋ ಇಲ್ಲವೋ, ಅಡ್ಡಪರಿಣಾಮ ಮಾತ್ರ ಕೂಡುತ್ತವೆ.

ಲಾಭ ಕೂಡುತ್ತಾ ಅಂತಲೂ ಹುಡುಕಿದ್ದಾರೆ. ಆವರೆಗೆ ನಡೆದಿದ್ದ ಪರೀಕ್ಷೆಗಳನ್ನೆಲ್ಲ ಒಟ್ಟಿಗಿಟ್ಟು 2014ರಲ್ಲಿ ಕಾಕ್ರೇನ್ ಅನ್ನೋ ಸಂಶೋಧಕರ ಜಾಲದವರು ವಿಮರ್ಶೆ ಮಾಡಿದರು. ಒಂದಕ್ಕಿಂತ ಎರಡು ಮೇಲು ಅನ್ನೋದಕ್ಕೆ ಸಾಕಷ್ಟು ಆಧಾರ ಸಿಗಲಿಲ್ಲ. ಟಿ.ಬಿ.ಯ ಹೋಲಿಕೆ ಇಲ್ಲಿ ನಿಲ್ಲಲ್ಲ. ಅಲ್ಲಿ ರೋಗಾಣು ಔಷಧಕ್ಕೆ ಬಗ್ಗದೇ ಹೋಗಬಾರದು ಅಂತ ಹಲವು ಔಷಧ ಕೊಡ್ತಾರೆ. ಇಲ್ಲಿ ಅಂಥ ಶತ್ರು ಯಾರೂ ಇಲ್ಲ.

ಹಾಗಂತ ಈ ದಾರಿ ಬಂದ್ ಆಗಿಲ್ಲ. ಸಿಸೇರಿಯನ್ ಆಗುವಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶದ ಸ್ನಾಯುವಿನ ಚಿಕ್ಕ ಚೂರು ತೆಗೆದು, ಅದನ್ನು ಬೆಚ್ಚಗಿನ ದ್ರವದಲ್ಲಿ ಕಟ್ಟಿ, ಅದು ಬಿಗಿಯೋದನ್ನು ಸಂಶೋಧಕರು ಅಳೆಯುತ್ತಾರೆ. ಪೂರ್ತಿ ಡೋಸ್‌ನ ಎರಡು ಔಷಧ ಬೇಡ, ಅರ್ಧರ್ಧ ಡೋಸ್ ಸೇರಿಸಿದರೆ ಸೆಳೆತ ತಗ್ಗಿ ಅಡ್ಡಪರಿಣಾಮವೂ ತಗ್ಗುತ್ತಾ ಅನ್ನೋದು ಅವರ ಪ್ರಶ್ನೆ. ನನಗೆ ಇದರ ಮೇಲೆ ಆಸೆ ಇದೆ. ಆದರೆ ಪಾತ್ರೆಯಲ್ಲಿ ತೂಗಾಡುವ ಸ್ನಾಯುವಿಗೆ ಬಿ.ಪಿ. ಇಲ್ಲ, ಮಗುವೂ ಇಲ್ಲ. ಅಲ್ಲಿ ಗೆದ್ದ ಜೋಡಿ ಹೆರಿಗೆ ವಾರ್ಡಿನಲ್ಲೂ ಗೆಲ್ಲಬೇಕು.

ಪ್ರಶ್ನೆ: ನನಗೆ 29 ವಾರಕ್ಕೆ ನೋವು ಬಂದು ನಿಂತಿತು. ಈಗ ಮನೆಯಲ್ಲಿದ್ದೇನೆ. ಮತ್ತೆ ಬರಬಾರದು ಅಂತ ಮಾತ್ರೆ ಮುಂದುವರಿಸಲಾ? ಪೂರ್ತಿ ಮಲಗೇ ಇರಬೇಕಾ?

ಉತ್ತರ: ಮಲಗೇ ಇರೋದರಿಂದ ಹೆರಿಗೆ ಮುಂದೆ ಹೋಗುತ್ತದೆ ಅಂತ ಎಲ್ಲೂ ಸಾಬೀತಾಗಿಲ್ಲ. ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಹೆಚ್ಚುತ್ತದೆ. ಭಾರ ಎತ್ತಬೇಡಿ, ಓಡಾಡಿಕೊಂಡಿರಿ.

ಮಾತ್ರೆ ವಿಷಯ. ನೋವು ನಿಂತ ಮೇಲೂ ವಾರಗಟ್ಟಲೆ ಮಾತ್ರೆ ನುಂಗಿದರೆ ಹೆರಿಗೆ ಮುಂದೆ ಹೋಗುತ್ತದೆ ಅಂತ ನಂಬಿಕೆಯಿಂದ ಹೇಳುವಂತಿಲ್ಲ. ಟರ್ಬುಟಲೈನ್ ಬಗ್ಗೆಯಂತೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಕಟ್ಟುನಿಟ್ಟಾಗಿ ಎಚ್ಚರಿಸಿದೆ: ಇಂಜೆಕ್ಷನ್ 48ರಿಂದ 72 ಗಂಟೆ ಮೀರಬಾರದು, ಮಾತ್ರೆ ಕೊಡಲೇಬಾರದು, ತಾಯಿಯ ಹೃದಯಕ್ಕೆ ಅಪಾಯ. ಆದರೆ ನಿಮಗೆ ಯಾವ ಮಾತ್ರೆ, ಯಾಕೆ ಬರೆದಿದ್ದಾರೆ ಅನ್ನೋದು ನನಗೆ ಕಾಣ್ತಾ ಇಲ್ಲ. ಬಿ.ಪಿ.ಗೆ ಅಂತಲೇ ಕೊಟ್ಟಿರಬಹುದು. ಆದ್ದರಿಂದ ಸುಮ್ನೆ ನಿಲ್ಲಿಸಬೇಡಿ, ಚೀಟಿ ಹಿಡಿದುಕೊಂಡು ಹೋಗಿ ಕೇಳಿ. ಹೋದಾಗ ಗರ್ಭಕೋಶದ ಬಾಯಿಯ ಉದ್ದ ಎಷ್ಟಿದೆ ಅಂತಲೂ ಕೇಳಿಕೊಂಡು ಬನ್ನಿ, ಮುಂದಿನ ಅಪಾಯ ಅಳೆಯೋಕೆ ಅದು ಬೇಕಾಗುತ್ತದೆ.

ಮತ್ತೆ ಹೊಟ್ಟೆ ಲಯಬದ್ಧವಾಗಿ ಗಟ್ಟಿಯಾಗುತ್ತಿದ್ದರೆ, ನೀರು ಹೋದರೆ, ರಕ್ತ ಕಂಡರೆ, ಜ್ವರ ಬಂದರೆ, ಮಗುವಿನ ಓಡಾಟ ಕಡಿಮೆ ಅನಿಸಿದರೆ ಮನೆಯಲ್ಲಿ ಉಳಿದ ಮಾತ್ರೆ ನುಂಗಿ ಕಾಯಬೇಡಿ, ಹೊರಡಿ. ಗರ್ಭದೊಳಗೆ ಸೋಂಕಿದ್ದರೆ ಅಥವಾ ಮಾಸು ಕಳಚುತ್ತಿದ್ದರೆ ನೋವನ್ನು ತಡೆಯೋದೇ ತಪ್ಪು. ಆಗ ಮಗು ಹೊರಗೆ ಬರೋದೇ ಕ್ಷೇಮ.